ಮಡಿಲಕ್ಕಿಯ ಜಿರಳೆ

ಮಾರ್ಚ್ 3, ಸೋಮವಾರ. ಮಳೆ ಇಲ್ಲ.

ಇಪ್ಪತ್ತೊಂಬತ್ತು ವರ್ಷದಿಂದ ಕಾಫಿ ಎಸ್ಟೇಟಿನ ರೈಟರಾಗಿ ಅದರ ಲೆಕ್ಕ, ಡೈರಿ ಬರೆಯುತ್ತಿದ್ದೇನೆ. ಮೊದಲು ಮಳೆ ಎಷ್ಟು ಸೆಂಟು (ಇಂಚಿನ ನೂರನೇ ಪಾಲು), ಆಮೇಲೆ ಯಾವ ಬ್ಲಾಕಿನಲ್ಲಿ ಯಾವ ಕೆಲಸ, ಎಷ್ಟು ಆಳು. ನನ್ನ ಸ್ವಂತ ವಿಷಯ ಒಂದು ಸಾಲೂ ಬರೆದವನಲ್ಲ. ಬರೆಯುವಂಥದ್ದೇನೂ ನಡೆದಿರಲಿಲ್ಲ. ನಿನ್ನೆ ನಡೆಯಿತು. ಆಫೀಸಿನಲ್ಲಿ ಮಿಕ್ಕಿದ್ದ ಹೋದ ವರ್ಷದ ಡೈರಿಯೊಂದನ್ನು ತಂದು, ವಾರ ತಿದ್ದಿಕೊಂಡು ಬರೆಯುತ್ತಿದ್ದೇನೆ.

ನಿನ್ನೆ ಪಾಳ್ಯದ ಬೀಗರ ಮನೆಯಲ್ಲಿ ಮಗಳು ಪೂಜಿತಾಳ ಸೀಮಂತ. ಹಾನುಬಾಳಿನಿಂದ ಜೀಪು ಮಾಡಿಕೊಂಡು ಹೋದೆವು. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಸಿಹಿ, ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಮಡಿಲು ತುಂಬುವ ಹೊತ್ತಿಗೆ ನನ್ನ ಹೆಂಡತಿ ಗಂಗಾಮಣಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಎಲ್ಲ ಹಾಕಿ ಮೇಲೆ ರವಿಕೆ ಕಣ ಇಟ್ಟಳು. ಆ ಕಣದ ಮಡಿಕೆಯಿಂದ ಒಂದು ಜಿರಳೆ ಇಳಿದು ಬಂತು.

ಓಡಿದ್ದರೆ ಅರ್ಧ ಜನ ನೋಡುತ್ತಿರಲಿಲ್ಲ. ಅದು ಓಡಲಿಲ್ಲ. ಮಗಳ ಮಡಿಲಿನ ಅಕ್ಕಿಯ ಮೇಲೆ ಸಾವಕಾಶವಾಗಿ ನಡೆದು, ಕೊಬ್ಬರಿ ಗಿಟುಕು ಹತ್ತಿ, ಮೀಸೆ ಆಡಿಸುತ್ತಾ ನಿಂತಿತು. ವೀಡಿಯೋದವರು ಹತ್ತಿರ ಬಂದು ತೆಗೆದರು. ಅದರ ಹಿಂಬದಿಗೆ ಕಂದು ಬಣ್ಣದ ಮೊಟ್ಟೆಚೀಲವೊಂದು ಅಂಟಿಕೊಂಡಿತ್ತು. ಬೀಗಿತ್ತಿ ಜಗದಾಂಬ ಬಗ್ಗಿ ನೋಡಿ, "ಇದೂ ಬಸ್ರಿ ಕಣ್ರವ್ವ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಗಾಮಣಿ ನಗಲಿಲ್ಲ.

ಏಳು ತಿಂಗಳು ತುಂಬುವುದರೊಳಗೆ ಮಗಳನ್ನು ಕರೆದುಕೊಂಡು ಬರುವುದು ಅಂತ ಮೊದಲೇ ಮಾತಾಗಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಲ್ಲ. ಹೊರಡುವ ಹೊತ್ತಿಗೆ ಜಗದಾಂಬ, "ಈಗ ಬ್ಯಾಡ ಬೀಗ್ರೇ. ಎಂಟ್ರಲ್ಲಂತೂ ಕಳ್ಸಕ್ಕಾಗಲ್ಲ. ಒಂಬತ್ತಕ್ಕೆ ಬೀಳ್ಲಿ, ನೋಡಾನ. ಬಾಣಂತನ ಇಲ್ಲೇ ಆದ್ರೂ ಏನಂತೆ" ಅಂದರು. ಪೂಜಿತಾ ನೆಲ ನೋಡುತ್ತಾ ನಿಂತಿದ್ದಳು. ಪಾಪ, ತವರಿನ ಮಾನ ಹೋಯಿತು ಅಂತ ಅವಳಿಗೂ ನಾಚಿಕೆಯಾಗಿರಬೇಕು.

ಜೀಪಿನಲ್ಲಿ ಗಂಗಾಮಣಿ ಬಾಯಿಗೆ ಸೆರಗು ಇಟ್ಟುಕೊಂಡು ಸಕಲೇಶಪುರದ ತನಕ ಅತ್ತಳು. ಬಾಣಂತಿಗೆ ಅಂತ ಹಳೇ ಸೀರೆಗಳನ್ನೆಲ್ಲ ಒಗೆದು, ಹರಿದು, ಮಡಿಚಿ ಇಟ್ಟು ಮೂರು ತಿಂಗಳಾಯಿತು. ಸಮಾಧಾನ ಮಾಡೋಣ ಅಂತ ನಾನು, "ಅಡುಗೆಮನೆ ಒಂಚೂರು ನೆಟ್ಟಗೆ ಇಟ್ಕಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ" ಅಂದೆ. ಆಮೇಲೆ ಹಾನುಬಾಳು ಬರುವ ತನಕ ಡ್ರೈವರ್ ಕೂಡ ನನ್ನ ಜೊತೆ ಮಾತಾಡಲಿಲ್ಲ.

ಒಂಬತ್ತಕ್ಕೆ ಬೀಳಲು ಐದು ವಾರ ಇದೆ. ಅಷ್ಟರಲ್ಲಿ ಈ ಮನೆಯಲ್ಲಿ ಒಂದು ಜಿರಳೆ ಇರಬಾರದು. ಇರುವುದಿಲ್ಲ. ಬರೆದಿಟ್ಟಿದ್ದೇನೆ.

ಮಾರ್ಚ್ 5, ಬುಧವಾರ. ಮಳೆ ಇಲ್ಲ. ಮೋಡ ಇತ್ತು.

ನೂರಾಎಂಬತ್ತು ಎಕರೆ ಕಾಫಿಗಿಡದ ಕಾಂಡಕೊರಕ ಹುಳ ಕಂಡವನಿಗೆ ಎರಡು ಕೋಣೆ, ಒಂದು ಹಜಾರ, ಒಂದು ಅಡುಗೆಮನೆಯ ಕ್ವಾರ್ಟರ್ಸ್ ಏನು ಮಹಾ. ಕೆಲಸ ಪದ್ಧತಿ ಪ್ರಕಾರ ಆಗಬೇಕು. ಮನೆಯನ್ನು ಬ್ಲಾಕುಗಳಾಗಿ ವಿಂಗಡಿಸಿದೆ. ಒಂದನೇ ಬ್ಲಾಕು ಸಿಂಕು. ಎರಡು ಗ್ಯಾಸ್ ಒಲೆ. ಮೂರು ಗೂಡು, ಡಬ್ಬಗಳು. ನಾಲ್ಕು ಫ್ರಿಜ್ಜು. ಐದು ಅಟ್ಟ. ಹಜಾರದಲ್ಲಿ ಟೀವಿ ಮತ್ತು ನಾನು ಇರುವುದರಿಂದ ಅದನ್ನು ಬ್ಲಾಕು ಮಾಡಲಿಲ್ಲ.

ಹಾನುಬಾಳಿನ ಬಾಲು ಅಂಗಡಿಯಿಂದ ಜಿರಳೆ ಸೀಮೆಸುಣ್ಣ ತಂದು ಐದೂ ಬ್ಲಾಕಿಗೆ ಗಡಿ ಎಳೆದೆ. ಬೆಳಗ್ಗೆ ನೋಡಿದರೆ ಗಡಿಯೂ ಇಲ್ಲ, ಜಿರಳೆಯ ಹೆಣವೂ ಇಲ್ಲ. ಗಂಗಾಮಣಿ ಎಂದಿನಂತೆ ಐದೂವರೆಗೆ ಎದ್ದು ಒರೆಸಿಬಿಟ್ಟಿದ್ದಾಳೆ.

"ಏನೋ ಗೀಚಿದ್ರಿ, ಒರೆಸ್ದೆ" ಅಂದಳು.

ಸೀಮಂತದ ದಿನದಿಂದ ಅವಳು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಇದೇ.

ಮಾರ್ಚ್ 8, ಶನಿವಾರ. ಮಳೆ ಇಲ್ಲ.

ಇವತ್ತು ಮುಗಿಸಿದೆ. ಈ ಸೀಮೆಸುಣ್ಣ, ಕರ್ಪೂರ ಎಲ್ಲ ಹೆಂಗಸರ ಆಟ. ಎಸ್ಟೇಟಿನ ಸ್ಟೋರಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಗಂಗಾಮಣಿ ಸಂಘದ ಮೀಟಿಂಗಿಗೆ ಹೋದ ಹೊತ್ತು ನೋಡಿ, ಕಾಂಡಕೊರಕಕ್ಕೆ ಹೊಡೆಯುವ ಔಷಧಿಯನ್ನು ಬೆನ್ನಿನ ಪಂಪಿಗೆ ತುಂಬಿಕೊಂಡು, ಮೂಗಿಗೆ ಟವೆಲು ಕಟ್ಟಿಕೊಂಡು ಅಡುಗೆಮನೆಗೆ ಎರಡು ಸಲ ಹೊಡೆದೆ. ಗಿಡಕ್ಕೆ ಹೊಡೆಯುವ ಅಳತೆಯೇ. ಗಿಡಕ್ಕಿಂತ ಜಿರಳೆ ಗಟ್ಟಿ ಅಂತ ಒಂದು ಮುಚ್ಚಳ ಜಾಸ್ತಿ ಹಾಕಿದೆ.

ಎಲ್ಲೆಲ್ಲಿಂದಲೋ ಬಂದು ಬಿದ್ದವು. ಗುಡಿಸಿ ಎಣಿಸಿದೆ, ನೂರಾನಲವತ್ತಮೂರು. ಕೆಲಸ ತೃಪ್ತಿಕರ.

ಅಕ್ಕಿ ಡಬ್ಬದ ಮುಚ್ಚಳ ಹಾಕಿದ್ದೆ ಅಂತ ಕಾಣುತ್ತದೆ.

ಮಾರ್ಚ್ 10, ಸೋಮವಾರ.

ಗಂಗಾಮಣಿ ಮೀಟಿಂಗು ಮುಗಿಸಿ ಬಂದು ಒಲೆ ಹಚ್ಚಿದವಳು ಹತ್ತು ನಿಮಿಷಕ್ಕೆ ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ಕಣ್ಣಲ್ಲಿ ಒಂದೇ ಸಮ ನೀರು. ಎದೆ ಹಿಡಿದುಕೊಂಡು ಉಸಿರೆಳೆಯುವುದನ್ನು ನೋಡಿ ಡ್ರೈವರನ್ನು ಕೂಗಿ ಕರೆಸಿದೆ. ಅದೇ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದೆ. ಒಂದು ರಾತ್ರಿ ಇಟ್ಟುಕೊಂಡು ನಿನ್ನೆ ಕಳಿಸಿದರು. ಅಪಾಯವಿಲ್ಲ ಅಂದರು. ಆ ಮಾತು ಕೇಳುವ ತನಕ ನಾನು ಏನೇನು ಯೋಚಿಸಿದೆ ಅನ್ನುವುದನ್ನು ಇಲ್ಲಿ ಬರೆಯಲಾರೆ.

ಡಾಕ್ಟರು ಔಷಧಿಯ ಹೆಸರು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನು ಕೆಲಸ ಮಾಡ್ತೀರಾ?"

"ಎಸ್ಟೇಟ್ ರೈಟರ್, ಸರ್."

"ಹಂಗಾದ್ರೆ ಓದೋಕೂ ಬರುತ್ತಲ್ಲ. ಡಬ್ಬದ ಮೇಲೆ ಬರೆದಿರ್ತಾರೆ."

ಮೂರು ವಾರ ಆ ಅಡುಗೆಮನೆಗೆ ಗಂಗಾಮಣಿ ಕಾಲಿಡಕೂಡದು. ತೆರೆದಿದ್ದ ಹಿಟ್ಟು, ಕಾಳು, ಅಕ್ಕಿ ಎಲ್ಲ ಹೂತುಹಾಕಬೇಕು. ಪಾತ್ರೆ, ಗೋಡೆ, ಗೂಡು ಸೋಪು ಹಾಕಿ ಮತ್ತೆ ಮತ್ತೆ ತೊಳೆಯಬೇಕು, ಕೈಗೆ ಗ್ಲೌಸು ಹಾಕಿಕೊಂಡು. ಬಸುರಿ, ಬಾಣಂತಿ, ಮಗು ಆ ವಾಸನೆ ಇರುವ ಮನೆಗೆ ಬರುವ ಮಾತೇ ಇಲ್ಲ. ಅಂದರೆ, ಮಗಳು ಜಿರಳೆಯಿಂದ ಬರದೆ ಹೋಗಿದ್ದಳು. ಈಗ ನನ್ನಿಂದ ಬರುವ ಹಾಗಿಲ್ಲ.

ಪಕ್ಕದ ಖಾಲಿ ಕ್ವಾರ್ಟರ್ಸಿನಲ್ಲಿ ಗಂಗಾಮಣಿಗೆ ಹಾಸಿಗೆ ಮಾಡಿಕೊಟ್ಟೆ. ಪೂಜಿತಾಳ ಫೋನು ಬಂದಾಗ ಅವಳು, "ಏನಿಲ್ಲ ಕಣವ್ವ, ನೆಗಡಿ, ಗಂಟ್ಲು ಕಟ್ಟೈತೆ" ಅಂದಳು. ಫೋನಿಟ್ಟು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರ್ಚ್ 11, ಮಂಗಳವಾರ. ಮಳೆ ಇಲ್ಲ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಉಪ್ಪಿಟ್ಟು ಮಾಡಿದೆ. ರವೆ ಹುರಿಯಬೇಕು ಅಂತ ಯಾರೂ ಹೇಳಿರಲಿಲ್ಲ. ಗಂಗಾಮಣಿ ಎರಡು ತುತ್ತು ತಿಂದು, "ಗೋಡೆ ಬಿರುಕಿಗೆ ಮೆತ್ತಬೋದು" ಅಂದಳು. ಮಾತಾಡಿದಳಲ್ಲ, ಸಾಕು.

ಮಾರ್ಚ್ 14, ಶುಕ್ರವಾರ. ಮಳೆ ಇಲ್ಲ.

ನಾಲ್ಕನೇ ಸಲ ತೊಳೆದದ್ದಾಯಿತು. ಬೆಳಗಿನ ಆರಕ್ಕೆ ಆಳುಗಳ ಹಾಜರಿ ಹಿಡಿಯಲು ಮಸ್ಟರಿಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದು ಒಂದು ಸಲ. ಕಿಟಕಿ ಬಾಗಿಲು ಹಗಲೆಲ್ಲ ತೆರೆದಿಟ್ಟಿರುತ್ತೇನೆ. ಸೊಂಟ ಬಿದ್ದುಹೋಗಿದೆ. ಅಡುಗೆ ಕಟ್ಟೆಯ ಎತ್ತರ ಯಾವ ಪುಣ್ಯಾತ್ಮ ಅಳತೆ ಮಾಡಿದನೋ, ಬಗ್ಗಿದರೆ ಜಾಸ್ತಿಯಾಗುತ್ತದೆ, ನೆಟ್ಟಗೆ ನಿಂತರೆ ಕೈ ಎಟಕುವುದಿಲ್ಲ. ಇದನ್ನು ಗಂಗಾಮಣಿಗೆ ಹೇಳಿದರೆ, "ಹೌದಾ" ಅಂದಳು. ಆ "ಹೌದಾ" ನನಗೆ ಸರಿ ಬರಲಿಲ್ಲ.

ಇನ್ನೊಂದು ವಿಷಯ. ಫ್ರಿಜ್ಜಿನ ಹಿಂದೆ ಒಂದು ಜಿರಳೆ ಕಂಡೆ. ಜೀವಂತ. ನಾನು ಹೊಡೆದ ಔಷಧಿಗೆ ಮೂರು ಡಬ್ಬ ಹಿಟ್ಟು, ಹತ್ತು ಕೇಜಿ ಅಕ್ಕಿ, ನನ್ನ ಹೆಂಡತಿ, ಎಲ್ಲ ಬಲಿಯಾದವು. ಜಿರಳೆ ಚೆನ್ನಾಗಿದೆ.

ಮಾರ್ಚ್ 16, ಭಾನುವಾರ. ಮಳೆ ಇಲ್ಲ.

ಹುಲಿಯಮ್ಮ ಗಂಗಾಮಣಿಯನ್ನು ನೋಡಲು ಆಳುಗಳ ಲೈನ್ ಮನೆಯಿಂದ ಬಂದಿದ್ದಳು. ಎಸ್ಟೇಟಿನಲ್ಲಿ ನನಗಿಂತ ಹಳಬಳು. ಅವಳು ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ನಾಳೆ ಬೆಳಗ್ಗೆ ಮಸ್ಟರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾಗಲಿ.

"ರೈಟ್ರೇ, ನೀವು ತೊಳ್ದಿದ್ದು ಸರಿ. ಸಿಂಕ್ ಯಾಕೆ ಹಂಗೇ ಬುಟ್ರಿ?"

"ತೊಳೆದಿದೀನಲ್ಲ."

"ಒದ್ದೆ ಐತಲ್ಲ. ಅವು ಕೂಳಿಲ್ದಿದ್ರೂ ತಿಂಗ್ಳು ಬದುಕ್ತವೆ, ನೀರಿಲ್ದೆ ಬದುಕಲ್ಲ. ಒಣಗೋ ಹಂಗೆ ಒರೆಸ್ಬೇಕು. ನಲ್ಲಿ ಸೋರ್ತಾ ಐತೆ, ಅದ್ಯಾರಿಗೆ ಇಟ್ಟಿದೀರ ನೀರು?"

ಆ ನಲ್ಲಿ ಎರಡು ವರ್ಷದಿಂದ ಸೋರುತ್ತಿದೆ. ಗಂಗಾಮಣಿ ವಾರಕ್ಕೊಂದು ಸಲ ಹೇಳುತ್ತಿದ್ದಳು, ನಾನು ವಾರಕ್ಕೊಂದು ಸಲ ಹೂಂ ಅನ್ನುತ್ತಿದ್ದೆ. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಪೈಪು ಸೋರಿದರೆ ಅರ್ಧ ಗಂಟೆಯಲ್ಲಿ ಜನ ಕರೆಸುವವನು ನಾನು. ಇವತ್ತು ಒಂದು ವಾಷರು ಹಾಕಿದೆ. ನಾಲ್ಕು ನಿಮಿಷದ ಕೆಲಸ.

ಹುಲಿಯಮ್ಮ ಹೋಗುವಾಗ ಅಟ್ಟದ ಮೇಲಿನ ರಟ್ಟಿನ ಡಬ್ಬಗಳನ್ನು ತೋರಿಸಿ, "ಅವೆಲ್ಲ ಜಿರಳೆಗ್ಳ ಲೈನ್ ಮನೆ" ಅಂದಳು. ಮಿಕ್ಸಿ, ಫ್ಯಾನು, ಟೀವಿ ಬಂದ ಡಬ್ಬಗಳು. ಬೇಕಾಗುತ್ತದೆ ಅಂತ ನಾನೇ ಎತ್ತಿಟ್ಟಿದ್ದು. ಒಂದರಲ್ಲಿ ಗಂಗಾಮಣಿ ಹೊಸ ರವಿಕೆ ಕಣಗಳನ್ನು ಇಡುತ್ತಿದ್ದಳು. ಬೇರೆ ಜಾಗ ಇಲ್ಲ, ಒಂದು ಕಪಾಟು ಮಾಡಿಸಿ ಅಂತ ಅವಳು ಕೇಳಿದ್ದು ಯಾವಾಗ ಅಂತ ನೆನಪಿಲ್ಲ. ಎಲ್ಲವನ್ನೂ ಅಂಗಳಕ್ಕೆ ತಂದು ಸುಟ್ಟೆ.

ಮಾರ್ಚ್ 17, ಸೋಮವಾರ.

ಮಸ್ಟರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ.

ಮಾರ್ಚ್ 20, ಗುರುವಾರ. ಮಳೆ ಇಲ್ಲ.

ಬಾಲು ಈಗ ಜಿರಳೆ ವಿಷಯದಲ್ಲಿ ನನ್ನ ಗುರು. ಸಿರಿಂಜಿನಲ್ಲಿ ಬರುವ ಅಂಟು ಕೊಟ್ಟ. ಸಾಸಿವೆ ಕಾಳಿನಷ್ಟು ಇಡಬೇಕು, ಗೂಡಿನ ಬಾಗಿಲ ಕೀಲಿಗೆ, ಫ್ರಿಜ್ಜಿನ ಹಿಂದೆ, ಒಲೆಯ ಕೆಳಗೆ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದನ್ನು ತಿಂದು ಉಳಿದವೂ ಸಾಯುತ್ತವೆ. ನಾನು ಇಟ್ಟ ಜಾಗವನ್ನೆಲ್ಲ ಸಂಜೆ ನಾನೇ ಸೋಪು ಹಾಕಿ ಒರೆಸಿದೆ. ಮಾರನೇ ದಿನ ಬಾಲುಗೆ ಹೇಳಿದರೆ, "ಅಣ್ಣ, ಊಟ ಬಡಿಸಿ ಎಲೆ ಎತ್ತಿಬುಟ್ಟಿದ್ದೀಯ" ಅಂದ.

ಮತ್ತೆ ಇಟ್ಟಿದ್ದೇನೆ. ಬಿರುಕುಗಳಿಗೆ ಬಿಳಿ ಸಿಮೆಂಟು ಮೆತ್ತಿದೆ. ಮೋರಿಗೆ ಜಾಲರಿ ಹಾಕಿದೆ. ಇವತ್ತು ಸೊಪ್ಪಿನ ಸಾರು. ಮೆಣಸಿನಪುಡಿ ಎರಡು ಸಲ ಬಿತ್ತು. ಗಂಗಾಮಣಿ ಕೆಮ್ಮುತ್ತಲೇ ಉಂಡಳು.

ಮಾರ್ಚ್ 23, ಭಾನುವಾರ.

ಬೆಳಗಿನ ಐದಕ್ಕೆ ಎದ್ದು ಟಾರ್ಚು ಹಿಡಿದು ಬ್ಲಾಕು ತಪಾಸಣೆ. ಐದೂ ಬ್ಲಾಕು ಖಾಲಿ. ಎಷ್ಟು ಖುಷಿಯಾಯಿತೆಂದರೆ ಹಜಾರದಲ್ಲಿ ಕುರ್ಚಿಗೆ ಒರಗಿ ಕೂತುಬಿಟ್ಟೆ. ಟಾರ್ಚು ಕೈಯಿಂದ ಜಾರಿ ಕುರ್ಚಿಯ ಕೆಳಗೆ ಉರುಳಿತು. ಬಗ್ಗಿ ನೋಡಿದೆ.

ಅಲ್ಲಿ ಇದ್ದವು.

ಕುರ್ಚಿಯ ಕೆಳಗೆ, ಟೀವಿ ಸ್ಟ್ಯಾಂಡಿನೊಳಗೆ, ಸ್ಟೂಲಿನ ಕಾಲಿನ ಸಂದಿಯಲ್ಲಿ. ನಾನು ದಿನಾ ಟೀವಿ ನೋಡುತ್ತಾ ಚಕ್ಕುಲಿ, ಕಡಲೆಪುರಿ ತಿನ್ನುವ ಜಾಗ. ಊಟದ ತಟ್ಟೆ ಕುರ್ಚಿಯ ಕೆಳಗೆ ತಳ್ಳಿ ಮಲಗಲು ಹೋಗುವ ಜಾಗ. ಬೆಳಗ್ಗೆ ಏಳುವ ಹೊತ್ತಿಗೆ ಆ ತಟ್ಟೆ ಅಲ್ಲಿ ಇರುತ್ತಿರಲಿಲ್ಲ. ಯಾರು ಎತ್ತುತ್ತಾರೆ ಅಂತ ಯೋಚನೆ ಮಾಡಿದವನಲ್ಲ, ಅದು ತಾನೇ ಹೋಗುತ್ತದೆ ಅನ್ನುವ ಹಾಗೆ. ಅಡುಗೆಮನೆಗೆ ಅವು ನೀರು ಕುಡಿಯಲು ಹೋಗುತ್ತಿದ್ದವು, ಸಂಸಾರ ನನ್ನ ಕುರ್ಚಿಯ ಕೆಳಗೆ ಮಾಡುತ್ತಿದ್ದವು.

ಆರನೇ ಬ್ಲಾಕು: ನಂಜುಂಡ, ರೈಟರ್.

ಗಂಗಾಮಣಿಗೆ ಹೇಳಬೇಕೋ ಬೇಡವೋ ಅಂತ ಎಂಟು ಗಂಟೆಯ ತನಕ ಒದ್ದಾಡಿದೆ. ಕಾಫಿ ಕೊಡುವಾಗ ಹೇಳಿದೆ. ಜೀಪಿನಲ್ಲಿ ಆಡಿದ ಮಾತು ತಪ್ಪಾಯಿತು ಅಂತಲೂ ಹೇಳಿದೆ. ಅವಳು ಲೋಟ ತೆಗೆದುಕೊಂಡು, "ಸಕ್ರೆ ಹಾಕಿಲ್ಲ" ಅಂದಳು. ಹಾಕಿಕೊಂಡು ಬಂದು ಕೊಟ್ಟೆ.

ಮಾರ್ಚ್ 27, ಗುರುವಾರ.

ಅಂಟು ಕೆಲಸ ಮಾಡುತ್ತಿದೆ. ಟೀವಿ ಸ್ಟ್ಯಾಂಡಿನಿಂದ ಮೊಟ್ಟೆಚೀಲ ಹನ್ನೊಂದು ತೆಗೆದು ಬೆಂಕಿಗೆ ಹಾಕಿದೆ. ಬಿಟ್ಟರೆ ತಿಂಗಳಿಗೆ ಒಂದೊಂದರಿಂದ ಮೂವತ್ತು ನಲವತ್ತು ಮರಿ ಅಂತೆ. ಊಟ ಈಗ ಅಡುಗೆಮನೆಯ ಬಾಗಿಲಲ್ಲೇ, ನೆಲದ ಮೇಲೆ ಕೂತು. ತಟ್ಟೆ ಆಗಲೇ ತೊಳೆಯುತ್ತೇನೆ.

ಹುರುಳಿಕಾಳಿನ ಬಸ್ಸಾರು ಮಾಡಿದೆ. ಬೆಳ್ಳುಳ್ಳಿ ಸುಟ್ಟು ಹಾಕಬೇಕು ಅಂತ ಗಂಗಾಮಣಿ ಪಕ್ಕದ ಮನೆಯ ಕಿಟಕಿಯಿಂದ ಹೇಳಿದಳು. ವಾಸನೆ ಅಲ್ಲಿಗೆ ಮುಟ್ಟಿತ್ತಂತೆ. ಔಷಧಿಯ ವಾಸನೆ ಅಲ್ಲ, ಸಾರಿನದು.

ಏಪ್ರಿಲ್ 1, ಮಂಗಳವಾರ.

ಗಂಗಾಮಣಿ ಮನೆಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡು ನೋಡಿದಳು. "ವಾಸ್ನೆ ಇಲ್ಲ" ಅಂದಳು. ಆಮೇಲೆ ಡಬ್ಬಗಳನ್ನು ನೋಡಿ, "ಇದೇನು, ಎಲ್ಲಾ ಎತ್ತರದ ಪ್ರಕಾರ ನಿಲ್ಸಿದೀರ, ಮಸ್ಟರಲ್ಲಿ ಆಳು ನಿಲ್ಸೋ ಹಂಗೆ" ಅಂದಳು. ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ, ಆ ಕಡೆ ತಿರುಗಿಕೊಂಡಿದ್ದಳು.

ಪಾತ್ರೆಗೆ ಕೈ ಹಾಕಲು ಹೋದಳು. ಬಗ್ಗುವಾಗ ಸೊಂಟಕ್ಕೆ ಕೈ ಇಟ್ಟುಕೊಂಡಳು. ಡಾಕ್ಟರು ಮೂರು ವಾರ ಅಂದಿದ್ದಾರೆ, ಪೂರ್ತಿ ಮೂರು ವಾರ ಆಗಿಲ್ಲ, ಕೂತ್ಕೋ ಅಂದೆ. ಮೂರು ವಾರ ಮೊನ್ನೆಗೇ ಮುಗಿದಿತ್ತು.

ಏಪ್ರಿಲ್ 3, ಗುರುವಾರ.

ಕಾಫಿ ಹೂ ಅರಳಿಸುವ ಹೂಮಳೆ ಬಂತು. ನಿನ್ನೆ ಮಧ್ಯಾಹ್ನ ಶುರುವಾಗಿ ಸಂಜೆಯ ತನಕ ಹೊಡೆಯಿತು. ಇಡೀ ಎಸ್ಟೇಟು ಎರಡು ತಿಂಗಳಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಮಳೆ. ಬೆಳಗ್ಗೆ ಮ್ಯಾನೇಜರು, "ಎಷ್ಟು ಸೆಂಟ್ ನಂಜುಂಡ?" ಅಂದರು. ನಾನು ಅಳತೆ ನೋಡಿರಲೇ ಇಲ್ಲ. ಮಳೆ ಬರುವಾಗ ಹಿತ್ತಲಿನಿಂದ ನೀರು ನುಗ್ಗಿ ಮೋರಿ ಜಾಲರಿ ಎದ್ದುಬಿಟ್ಟೀತು ಅಂತ ಅದನ್ನು ಹಿಡಿದುಕೊಂಡು ಕೂತಿದ್ದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಮ್ಯಾನೇಜರು ನನಗೆ ಹುಷಾರಿಲ್ಲವಾ ಅಂತ ಕೇಳಿದರು.

ಇವತ್ತು ಅವರೆಬೇಳೆ ಹಾಕಿ ಸಾರು. ಪರವಾಗಿಲ್ಲ, ಚೆನ್ನಾಗಿಯೇ ಬಂತು.

ಏಪ್ರಿಲ್ 6, ಭಾನುವಾರ.

ಎಲ್ಲಿಂದ ಶುರು ಮಾಡಲಿ.

ಹನ್ನೊಂದು ಗಂಟೆಗೆ, ಫೋನೂ ಮಾಡದೆ, ಜಗದಾಂಬ ಬಸ್ಸಿಳಿದು ಬಂದರು. ಒಂದು ಚಿಪ್ಪು ಬಾಳೆಹಣ್ಣು ಕೈಯಲ್ಲಿ. ತಪಾಸಣೆಗೆ ಬಂದಿದ್ದಾರೆ ಅಂತ ನನಗೆ ಗೊತ್ತಾಯಿತು. ಕ್ವಾಲಿಟಿ ನೋಡಲು ಕಾಫಿ ಬೋರ್ಡಿನವರು ಬಂದಾಗಲೂ ಹೀಗೆ ಬೆವರಿರಲಿಲ್ಲ. ಊಟ ಆಯಿತು. ಗಂಗಾಮಣಿ, "ಕರಿಬೇವು ಕೊಡ್ತೀನಿ ತಗಂಡ್ ಹೋಗಿ" ಅಂತ ಹಿತ್ತಲಿಗೆ ಹೋದಳು. ನಾನು ಅಭ್ಯಾಸಬಲದಿಂದ ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ನಿಂತೆ. ಜಗದಾಂಬ ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು ಪಾಳ್ಯದ ಭತ್ತದ ಸಮಾಚಾರ ಹೇಳುತ್ತಿದ್ದರು.

ಆಗ ಎಲ್ಲಿಂದಲೋ ಒಂದು ಮರಿ ಜಿರಳೆ ಬಂತು. ಐದು ವಾರ, ಆರು ಬ್ಲಾಕು, ನಾಲ್ಕು ಸಿರಿಂಜು. ಆಮೇಲೂ ಒಂದು ಉಳಿದು, ಇದೇ ದಿನ, ಇದೇ ಹೊತ್ತಿಗೆ, ನೆಟ್ಟಗೆ ಬೀಗಿತ್ತಿಯ ಕಾಲ ಬಳಿಗೆ ಹೋಯಿತು. ನನ್ನ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಜಗದಾಂಬ ಮಾತು ನಿಲ್ಲಿಸದೆ ಅದನ್ನು ಕಾಲಿನ ಹೆಬ್ಬೆರಳಿನಿಂದ ಅಮುಕಿ, ಬೆರಳನ್ನು ನೆಲಕ್ಕೆ ಒರೆಸಿಕೊಂಡರು.

"ಬೀಗಿತ್ತೀರೇ, ಇನ್ನೊಂದು ವಾರ ಟೈಮ್ ಕೊಡಿ" ಅಂದೆ.

"ಏನಕ್ಕೆ?"

"ಜಿರಳೆಗೆ. ಪೂರ್ತಿ ಹೋಗ್ತವೆ. ಮಗಳನ್ನ ಕಳಿಸಿಕೊಡಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು.

"ಜಿರಳೆಗಾ? ನಮ್ಮನೆ ಒಲೆ ಹಿಂದೆ ಬಂದ್ ನೋಡಿ ಬೀಗ್ರೇ, ಇದ್ರಪ್ಪನಂಥವು ಅವೆ. ನಾನ್ಯಾಕೆ ಬ್ಯಾಡ ಅನ್ಲಿ? ನಿಮ್ಮ ಮಗ್ಳೇ ಬರಲ್ಲ ಅಂದಿದ್ದು."

"ಯಾಕೆ?"

"'ಅಮ್ಮಂಗೆ ಸೊಂಟ ನೋವು. ನಾ ಹೋದ್ರೆ ನಂಗೂ ಮಗೀಗೂ ಅಪ್ಪಂಗೂ ಅವ್ಳೊಬ್ಳೇ ಮಾಡ್ಬೇಕು. ಅಪ್ಪ ಕುಡ್ದ ಲೋಟ ಎತ್ತಿಡಲ್ಲ' ಅಂತ ಅತ್ಲು. ಸೀಮಂತದ ಹಿಂದಿನ ದಿನನೇ. ಇದ್ನ ನಾ ಹೆಂಗೆ ನಿಮ್ ಮುಂದೆ ಹೇಳ್ಲಿ? ಏನ್ ಹೇಳಾದು ಅಂತ ಯೋಚ್ನೆ ಮಾಡ್ತಾ ಇದ್ದೆ. ಅಷ್ಟ್ರಲ್ಲಿ ಆ ಜಿರಳೆ ಬಂತು. ನೀವೇ ಹಂಗ್ ತಿಳ್ಕಂಡ್ರಿ. ಒಳ್ಳೇದಾಯ್ತು ಅಂತ ಸುಮ್ನಾದೆ."

ಗಂಗಾಮಣಿ ಕರಿಬೇವು ಹಿಡಿದುಕೊಂಡು ಬಂದಳು. ಜಗದಾಂಬ ಮತ್ತೆ ಭತ್ತದ ಮಾತಿಗೆ ಹೋದರು. ನಾನು ತಟ್ಟೆ ತೊಳೆದೆ. ಅದೇ ತಟ್ಟೆಯನ್ನು ಎಷ್ಟು ಸಲ ತೊಳೆದೆ ಅಂತ ಗೊತ್ತಿಲ್ಲ.

ಇಡೀ ಪಾಳ್ಯದ ಮುಂದೆ ನನ್ನ ಮಾನ ಮುಚ್ಚಿದ್ದು ಆ ಜಿರಳೆ. ಅದರ ವಂಶ ತೆಗೆಯಲು ನಾನು ಐದು ವಾರ ಮೈ ಮುರಿದಿದ್ದೇನೆ.

ಬೀಗಿತ್ತಿಯನ್ನು ಬಸ್ಸು ಹತ್ತಿಸಿ ಅಲ್ಲೇ ಸ್ಟಾಂಡಿನ ಕಟ್ಟೆಯ ಮೇಲೆ ಕೂತು ಪೂಜಿತಾಗೆ ಫೋನು ಮಾಡಿದೆ.

"ಅತ್ತೆ ಹೇಳ್ಬುಟ್ರಾ" ಅಂದಳು.

ಹೂಂ ಅಂದೆ.

ಅವಳು, "ಬೇಜಾರ್ ಮಾಡ್ಕಬ್ಯಾಡ ಅಪ್ಪ. ಅಮ್ಮಂಗೆ ಯಾರೂ ಬಾಣಂತನ ಮಾಡ್ಲಿಲ್ಲ, ಅಜ್ಜಿ ಇರ್ಲಿಲ್ಲ. ನಾನ್ ಹುಟ್ಟಿದ ಹನ್ನೊಂದ್ನೇ ದಿನಕ್ಕೆ ಎದ್ದು ನಿಂಗೆ ಬುತ್ತಿ ಕಟ್ಟಿದ್ಳಂತೆ. ನಿಂಗೊತ್ತಾ?" ಅಂದಳು.

ಗೊತ್ತಿಲ್ಲ ಅಂದೆ. ಸುಳ್ಳು. ಆ ಬುತ್ತಿ ಉಂಡವನು ನಾನೇ. ಕೊಯ್ಲಿನ ಕಾಲ, ಹತ್ತನೇ ಬ್ಲಾಕಿನಲ್ಲಿ ಬಂಡೆಯ ಮೇಲೆ ಕೂತು ಬಿಚ್ಚಿದ್ದು, ರೊಟ್ಟಿ, ಚಟ್ನಿ, ಎಲ್ಲ ನೆನಪಿದೆ. ಯಾರು ಕಟ್ಟಿದರು, ಹೇಗೆ ಎದ್ದು ಕಟ್ಟಿದರು ಅಂತ ಆವತ್ತು ಕೇಳಲಿಲ್ಲ. ಇಪ್ಪತ್ತಾರು ವರ್ಷ ಕೇಳಲಿಲ್ಲ. ನಾಚಿಕೆಯಾಯಿತು. ಬಸ್‌ಸ್ಟಾಂಡಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ, ಯಾರೋ ನೋಡಿದರು.

"ಬಾ ಮಗಳೇ. ಅಡುಗೆ ನಾನು ಮಾಡ್ತೀನಿ" ಅಂದೆ.

ಅವಳು ನಕ್ಕಳು. "ನೀನಾ? ಉಪ್ಪು ಎಲ್ಲೈತೆ ಗೊತ್ತಾ ನಿಂಗೆ?"

"ಒಲೆಯ ಎಡಕ್ಕೆ, ಕೆಳಗಿನ ಸಾಲು, ಬಿಳೀ ಭರಣಿ. ಕಲ್ಲುಪ್ಪು ಮುಗೀತಾ ಬಂದೈತೆ, ನಾಳೆ ತರಬೇಕು. ಬಾಣಂತಿಗೆ ಮೆಣಸು ಜೀರಿಗೆ ಹುರಿದು ಪುಡಿ ಮಾಡಿ ಇಡಬೇಕು ಅಂತ ನಿಮ್ಮಮ್ಮ ಹೇಳಿದ್ಳು. ಮೆಣಸು ಒಣಗ್ಸಿದೀನಿ."

"ಮೆಣ್ಸು ಜಾಸ್ತಿ ಹುರೀಬ್ಯಾಡ ಅಪ್ಪ, ಬರ್ತೀನಿ" ಅಂದಳು.

ಏಪ್ರಿಲ್ 8, ಮಂಗಳವಾರ.

ಗುರುವಾರ ಕರೆದುಕೊಂಡು ಬರುವುದು ಅಂತ ಆಗಿದೆ. ನೀವೂ ಬನ್ನಿ ಅಂದಳು ಗಂಗಾಮಣಿ. ನಾನು ಬಂದರೆ ಊಟ ಯಾರು ಮಾಡುತ್ತಾರೆ ಅಂದೆ. ಆಮೇಲೆ ಅವಳು ಮತ್ತೆ ಕರೆಯಲಿಲ್ಲ.

ಪೂಜಿತಾ ಹೇಳಿದ್ದನ್ನು ಅವಳಿಗೆ ಹೇಳಿಲ್ಲ. ಅವಳಿಗೆ ಗೊತ್ತಿಲ್ಲ ಅಂತಲೂ ನನಗೆ ನಂಬಿಕೆಯಿಲ್ಲ.

ಏಪ್ರಿಲ್ 10, ಗುರುವಾರ.

ಒಂದು ಗಂಟೆಗೆ ಜೀಪು ಬಂತು. ಪೂಜಿತಾ ಹೊಟ್ಟೆ ಹಿಡಿದುಕೊಂಡು ಇಳಿದಳು, ಗಂಗಾಮಣಿ ಅವಳ ಬ್ಯಾಗು ಹಿಡಿದುಕೊಂಡು. ನಾನೇ ಆರತಿ ತಟ್ಟೆ ಮಾಡಿಟ್ಟಿದ್ದೆ, ಸುಣ್ಣ ಜಾಸ್ತಿಯಾಗಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹುಲಿಯಮ್ಮ ಬೆಳಗಿದಳು.

ತಾಯಿ ಮಗಳು ಇಬ್ಬರನ್ನೂ ಅಡುಗೆಮನೆಯ ಬಾಗಿಲಲ್ಲಿ ಅಕ್ಕಪಕ್ಕ ಕೂರಿಸಿದೆ. ಗಂಗಾಮಣಿ, "ನೀವು ಕೂತ್ಕಳಿ, ನಾನು ಆಮೇಲೆ" ಅಂತ ಎದ್ದಳು. ಪೂಜಿತಾ ಸೆರಗು ಹಿಡಿದು ಕೂರಿಸಿದಳು. ಅನ್ನ, ಹುರುಳಿ ಸಾರು, ಹಪ್ಪಳ, ಬೀನ್ಸಿನ ಪಲ್ಯ. ಸಾರು ಹುಳಿಯಾಗಿದೆ ಅಂತ ನಾನೇ ಮೊದಲು ಹೇಳಿಬಿಟ್ಟೆ. ಪೂಜಿತಾ, "ಬಸ್ರೀರ್ಗೆ ಹುಳೀನೇ ಬೇಕು ಕಣಪ್ಪ" ಅಂದಳು.

ಗಂಗಾಮಣಿ ಅನ್ನ ಕಲಸಿಕೊಂಡು ಉಂಡಳು. ಉಂಡು, ತಲೆ ಎತ್ತದೆ, ತಟ್ಟೆಯನ್ನು ನಾಲ್ಕು ಬೆರಳಷ್ಟು ಮುಂದಕ್ಕೆ ತಳ್ಳಿದಳು.

ಸಾಕಾಯಿತು ಅಂತ ತಿಳಿದುಕೊಂಡು ನಾನು ನಿಂತೇ ಇದ್ದೆ. ಅದು ಇನ್ನೊಂದು ಸೌಟು ಹಾಕಿ ಅನ್ನುವುದು ಅಂತ ಹೊಳೆಯಲು ಅಷ್ಟು ಹೊತ್ತು ಹಿಡಿಯಿತು. ನಾನು ಮದುವೆಯಾದಾಗಿನಿಂದ ಕಣ್ಣು ಟೀವಿಯ ಮೇಲೆ ಇಟ್ಟುಕೊಂಡು ತಟ್ಟೆಯನ್ನು ಹಾಗೇ ತಳ್ಳುತ್ತಿದ್ದೆ. ಅವಳಿಗೆ ಒಂದು ದಿನವೂ ಹೊತ್ತು ಹಿಡಿದಿರಲಿಲ್ಲ.

ಬಡಿಸಿದೆ.